ಮಾತ್ರೆ ನೀರು ದಾಟಬೇಕು

ಬೆಳಗಿನ ಚಳಿಗೆ ಕಡಲು ಹೊಗೆಯಾಡುತ್ತಿದೆ. ನೀರಿನಿಂದ ಎದ್ದ ಬಿಳಿ ಹಬೆ ಧಕ್ಕೆಯ ಕಂಬಗಳನ್ನು ನುಂಗಿ, ತುದಿಗಳನ್ನು ಮಾತ್ರ ಉಳಿಸಿದೆ. ಅಂಚೆದೋಣಿ ಕಾಣುವುದಿಲ್ಲ. ಎಂಜಿನ್ನಿನ ಗುಡುಗುಡು ಕೇಳುತ್ತದೆ, ಅಷ್ಟೆ. ಆ ಸದ್ದಿನ ಜಾಡು ಹಿಡಿದು ಏವಿಸ್ ಕ್ರೌಲಿ ಏಣಿ ಇಳಿಯುತ್ತಾರೆ. ಬೆನ್ನಿಗೆ ಎಣ್ಣೆಬಟ್ಟೆಯಲ್ಲಿ ಸುತ್ತಿದ ಲ್ಯಾಪ್‌ಟಾಪ್. ಬೆರಳುಗಳು ಕಪ್ಪಾಗಿವೆ. ಫರ್ ಮರದ ರಾಳ, ಎಷ್ಟು ತೊಳೆದರೂ ಹೋಗದ್ದು.

"ನೋಡ್ಕೊಂಡು ಇಳಿ ಏವಿಸ್, ಮೆಟ್ಟಿಲು ಹಿಮಗಟ್ಟಿದೆ," ಹಬೆಯೊಳಗಿಂದ ದೋಣಿಯ ಕ್ಯಾಪ್ಟನ್ ಎಲ್ಡನ್ ಕೂಗುತ್ತಾನೆ.

"ನಾನು ಜಾರಲ್ಲ ಬಿಡು. ಈ ಅಂಟಿಗೆ ಏಣೀನೇ ಕಿತ್ಕೊಂಡು ಬಂದೀತು."

ಅಮೆರಿಕದ ಮೇನ್ ರಾಜ್ಯದ ಕರಾವಳಿಯ ಬಾರ್ಟನ್ ಕೋವ್ ಎಂಬ ಈ ಊರಿನಿಂದ ಕೋಲ್ಡ್‌ಸ್ಪೂನ್ ದ್ವೀಪಕ್ಕೆ ಒಂದು ಗಂಟೆಯ ದಾರಿ. ಎಲ್ಡನ್ ಚಕ್ರ ಹಿಡಿದು ನಿಂತ. ಏವಿಸ್ ಅಂಚೆಚೀಲಗಳ ನಡುವೆ ಕೂತು ಬೆರಳುಗಳಿಗೆ ಬೆಣ್ಣೆ ತಿಕ್ಕುತ್ತಾರೆ. ರಾಳ ಬಿಡಿಸಲು ಬೆಣ್ಣೆಯೇ ಮದ್ದು. ಇಲ್ಲದಿದ್ದರೆ ಕೀಲಿಮಣೆಯ ಅಕ್ಷರಗಳು ಬೆರಳಿಗೆ ಅಂಟಿಕೊಂಡು ಒಂದರ ಬದಲು ನಾಲ್ಕು ಮೂಡುತ್ತವೆ. ದಡ ಮರೆಯಾಯಿತು. ದ್ವೀಪ ಇನ್ನೂ ಹುಟ್ಟಿಲ್ಲ. ದೋಣಿ ಮೋಡದೊಳಗೆ ಹೋಗುತ್ತಿರುವಂತಿದೆ.

ಏವಿಸ್‌ಗೆ ಅರವತ್ತೊಂಬತ್ತು. ಹದಿನಾರಕ್ಕೇ ಮೀನಿನ ಕಾರ್ಖಾನೆ ಸೇರಿದವರು. ಕತ್ತರಿಯಲ್ಲಿ ಬೂತಾಯಿ ಮೀನಿನ ತಲೆ ಬಾಲ ಕತ್ತರಿಸಿ, ಡಬ್ಬಿಯಲ್ಲಿ ಒಂದರ ಪಕ್ಕ ಒಂದು ಮಲಗಿಸುವ ಕೆಲಸ. ಕಾರ್ಖಾನೆ ಮುಚ್ಚಿದ ವರ್ಷ ಹೆಂಗಸರ ಕೈಗೆ ಕಟ್ಟುಕಟ್ಟು ಕಾಗದ ಬಂತು. ಓದಲು ಬೇಸರವಿಲ್ಲದವರು ಇವರೊಬ್ಬರೇ. ಊಟದ ಬೆಂಚಿನ ಮೇಲೆ ಕೂತು ಎಲ್ಲರಿಗೂ ಓದಿ ಹೇಳಿದರು. ಅಲ್ಲಿಂದ ಶುರು. ಹಿರಿಯ ನಾಗರಿಕರಿಗೆ ನೆರವಾಗುವ ಕಚೇರಿಯವರು ಕರೆದು, ಸರಿಯಾದ ವಿಮೆ ಆರಿಸಿಕೊಡುವ ತರಬೇತಿ ಕೊಟ್ಟರು. ಸಂಬಳ ಮಾತ್ರ ಕೊಡಲಿಲ್ಲ.

ಹೊಟ್ಟೆಪಾಡು ಬೇರೆ ಇದೆ. ಚಳಿಗಾಲದ ಹೊಸ್ತಿಲಲ್ಲಿ ಬಾಗಿಲಿಗೆ ತೂಗುಹಾಕುವ ದುಂಡನೆಯ ಹಸಿರು ಮಾಲೆಗಳನ್ನು ಇವರು ಕಟ್ಟುತ್ತಾರೆ. ತಂತಿಯ ಬಳೆಗೆ ಫರ್ ಚಿಗುರು ಸುತ್ತಿ ಸುತ್ತಿ, ದಿನಕ್ಕೆ ಮೂವತ್ತು ನಲವತ್ತು. ಕ್ರಿಸ್‌ಮಸ್ ಮಾಲೆಯ ದಿನಗಳೂ ಮಾತ್ರೆ ವಿಮೆಯ ದಿನಗಳೂ ಒಟ್ಟಿಗೇ ಬರುವುದು ಯಾರ ತಪ್ಪೋ ಗೊತ್ತಿಲ್ಲ ಎನ್ನುತ್ತಾರೆ ಏವಿಸ್.

ಅರವತ್ತೈದು ದಾಟಿದವರಿಗೆ ಸರ್ಕಾರದ ಮೆಡಿಕೇರ್ ಇದೆ. ಆದರೆ ಮಾತ್ರೆಗಳ ವಿಮೆಯನ್ನು ಹೆಚ್ಚಿನವರು ಬೇರೆಯಾಗಿ, ಯಾವುದಾದರೂ ಕಂಪನಿಯಿಂದ ಕೊಳ್ಳಬೇಕು. ಒಂದೊಂದು ಪ್ಲಾನಿಗೆ ಒಂದೊಂದು ಪ್ರೀಮಿಯಂ, ಒಂದೊಂದಕ್ಕೆ ತನ್ನದೇ ಮಾತ್ರೆಗಳ ಪಟ್ಟಿ. ಎಲೆ ಉದುರುವ ಹೊತ್ತಿಗೆ ಎಲ್ಲವೂ ಬದಲಾಗುತ್ತದೆ. ಹೋದ ವರ್ಷ ಅಗ್ಗವಾಗಿದ್ದದ್ದು ಈ ವರ್ಷ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಡಿಸೆಂಬರ್ ಏಳರೊಳಗೆ ಹೊಸದನ್ನು ಆರಿಸಬೇಕು, ಆಮೇಲೆ ಬಾಗಿಲು ಮುಚ್ಚಿತು. ನಾಳೆ ಏಳು. ನಾಳೆ ಭಾನುವಾರ, ದೋಣಿ ಇಲ್ಲ. ದ್ವೀಪದ ಪಾಲಿಗೆ ಇವತ್ತೇ ಕೊನೆಯ ದಿನ.

ಎಲ್ಲರೂ ಮೊದಲು ಪ್ರೀಮಿಯಂ ನೋಡುತ್ತಾರೆ. ಏವಿಸ್ ಮೊದಲು ದೋಣಿ ನೋಡುತ್ತಾರೆ. ಪತ್ರಿಕೆಗೆ ಬರೆಯಲು ಜೊತೆಗೆ ಬಂದ ನನಗೂ ಅದನ್ನೇ ಹೇಳುತ್ತಾರೆ.

"ಮಾತ್ರೆ ನೀರು ದಾಟಬೇಕು ಕಣಮ್ಮ. ದಾಟದ ಮಾತ್ರೆ ಪುಕ್ಕಟೆ ಬಂದರೂ ಏನು ಮಾಡ್ಲಿ?"

ಬಾರ್ಟನ್ ಕೋವ್‌ನಲ್ಲಿ ಒಂದೇ ಔಷಧದಂಗಡಿ. ಅಲ್ಲಿಯವರು ದ್ವೀಪದವರ ಮಾತ್ರೆಗಳನ್ನು ಬಿಳಿ ಕಾಗದದ ಪೊಟ್ಟಣ ಕಟ್ಟಿ ಎಲ್ಡನ್ ಕೈಗೆ ಕೊಡುತ್ತಾರೆ. ಎಲ್ಡನ್ ಅದನ್ನು ಕೋಟಿನೊಳಗೆ ಎದೆಗೆ ಒತ್ತಿಟ್ಟುಕೊಂಡು ಒಯ್ಯುತ್ತಾನೆ, ಇನ್ಸುಲಿನ್ ಹೆಪ್ಪುಗಟ್ಟಬಾರದಲ್ಲ. ಆ ಅಂಗಡಿಯನ್ನು ಒಪ್ಪದ ಪ್ಲಾನ್ ಹಿಡಿದರೆ ಮಾತ್ರೆ ದೂರದ ಊರಿನಿಂದ ಅಂಚೆಯಲ್ಲಿ ಬರುತ್ತದೆ. ಬಿರುಗಾಳಿಗೆ ಅಂಚೆ ಲಾರಿ ಎಲ್ಲೋ ನಿಂತಿರುತ್ತದೆ, ಚೀಲದಲ್ಲಿ ಇನ್ಸುಲಿನ್ ಕಲ್ಲಾಗಿರುತ್ತದೆ.

ದ್ವೀಪದಲ್ಲಿ ಏವಿಸ್ ಕೂರುವುದು ಶಾಲೆಯಲ್ಲಿ. ಇಡೀ ದ್ವೀಪಕ್ಕೆ ನಂಬಬಹುದಾದ ಇಂಟರ್ನೆಟ್ ಇರುವುದು ಅಲ್ಲೇ. ಶನಿವಾರ ಮಕ್ಕಳಿಲ್ಲ. ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ಮುದುಕ ಮುದುಕಿಯರು ಮಂಡಿ ಗದ್ದಕ್ಕೆ ತಾಗುವಂತೆ ಕೂತಿದ್ದಾರೆ. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ತನ್ನಿ ಎಂದು ಏವಿಸ್ ಮೊದಲೇ ಹೇಳಿ ಕಳಿಸಿರುತ್ತಾರೆ. ಯಾರ ತೊಡೆಯ ಮೇಲಿನ ಚೀಲ ಅಲುಗಿದರೂ ಒಳಗೆ ಗಿಲಗಿಲ. ಅಲೆ ಹಿಂದೆ ಸರಿಯುವಾಗ ದಡದ ಹರಳು ಉರುಳುವ ಸದ್ದು ಅದು. ಒಲೆಯ ಬಿಸಿಗೆ ಒಬ್ಬಿಬ್ಬರು ತೂಕಡಿಸುತ್ತಿದ್ದಾರೆ.

ಎಂಬತ್ತನಾಲ್ಕರ ಓರಾ ಬೀಲ್ ಬ್ರೆಡ್ಡಿನ ಕವರಿನಲ್ಲಿ ಡಬ್ಬಿಗಳನ್ನು ತಂದಿದ್ದಾಳೆ.

"ಏವಿಸ್, ನಂಗೆ ಅದೇ ಬೇಕು. ಟಿವೀಲಿ ಬರ್ತಾನಲ್ಲ ಹಲ್ಲು ಬಿಟ್ಕೊಂಡು, ಅವನದ್ದು. ಪ್ರೀಮಿಯಂ ಸೊನ್ನೆ ಅಂತೆ."

"ಪ್ರೀಮಿಯಂ ಸೊನ್ನೆ ಸರಿ. ನಿನ್ನ ಕಣ್ಣಿನ ಹನಿಗೆ ಎಷ್ಟು ಅಂತ ಹೇಳಿದ್ನಾ?"

"ಅಷ್ಟು ಚೆನ್ನಾಗಿ ನಗೋನು ಮೋಸ ಮಾಡ್ತಾನಾ?"

"ಆ ಹಲ್ಲು ಅವನ ಸ್ವಂತದ್ದು ಅಂತ ನಿಂಗ್ಯಾರು ಹೇಳಿದ್ರು?"

"ನಂದೂ ಸ್ವಂತದ್ದಲ್ಲ. ನಾನೇನು ಮೋಸಗಾತಿನಾ?"

ತೂಕಡಿಸುತ್ತಿದ್ದವರೂ ಎದ್ದು ನಗುತ್ತಾರೆ. ಏವಿಸ್ ನಗುತ್ತಲೇ ಡಬ್ಬಿಗಳ ಹೆಸರು ಒತ್ತುತ್ತಾರೆ. ಸೊನ್ನೆಯ ಪ್ಲಾನಿನಲ್ಲಿ ಕಣ್ಣಿನ ಹನಿ ಇಲ್ಲವೇ ಇಲ್ಲ, ಪೂರ್ತಿ ಬೆಲೆ ಕೊಡಬೇಕು. ತಿಂಗಳಿಗೆ ಒಂಬತ್ತು ಡಾಲರಿನ ಇನ್ನೊಂದರಲ್ಲಿ ಹನಿಯೂ ಇದೆ, ಊರಿನ ಅಂಗಡಿಯೂ ಇದೆ. ವರ್ಷದ ಒಟ್ಟು ಖರ್ಚು ತೋರಿಸಿದ ಮೇಲೆ ಓರಾ ಕನ್ನಡಕ ಮೂಗಿನ ತುದಿಗೆ ಜಾರಿಸಿ ಬಹಳ ಹೊತ್ತು ನೋಡುತ್ತಾಳೆ.

"ಆಗಲಿ. ಆದರೆ ಅವನ ನಗು ಮಾತ್ರ ನಂಗಿಷ್ಟ."

ಹೀಗೆ ಒಬ್ಬೊಬ್ಬರೂ ಮುಕ್ಕಾಲು ಗಂಟೆ. ಇಡೀ ಋತುವಿಗೆ, ದ್ವೀಪ ದಡ ಎಲ್ಲ ಸೇರಿ, ನೂರೆಪ್ಪತ್ತು ಜನ. ಏವಿಸ್ ಯಾವ ಕಂಪನಿಯ ಪರವೂ ಮಾತಾಡುವಂತಿಲ್ಲ, ಯಾರಿಂದಲೂ ಬಿಡಿಗಾಸು ಮುಟ್ಟುವಂತಿಲ್ಲ. ದ್ವೀಪದವರಿಗೂ ಅದು ಗೊತ್ತು. ಆದ್ದರಿಂದ ಕೊಡುವುದಿಲ್ಲ, ದೋಣಿಯಲ್ಲಿ ಮರೆತು ಬರುತ್ತಾರೆ. ಒಂದು ಜೊತೆ ಉಣ್ಣೆಯ ಕಾಲುಚೀಲ, ಒಂದು ಬಾಟಲಿ ಜಾಮ್. ಕಚೇರಿಯ ನಿಯಮದಲ್ಲಿ ಮರೆವಿನ ಬಗ್ಗೆ ಏನೂ ಬರೆದಿಲ್ಲ.

ಕೊನೆಗೆ ಉಳಿದವನು ಮರ್ಲ್ ಆಲಿ. ಎಪ್ಪತ್ತೆಂಟು. ಲಾಬ್‌ಸ್ಟರ್ ಹಿಡಿಯುವವನು, ಈಗಲೂ ಒಂದಷ್ಟು ಬೋನು ಇಳಿಸುತ್ತಾನೆ. ಬೋನಿಗೆ ಎರೆ ತುಂಬುವ ಬಲೆಚೀಲವನ್ನೇ ತೊಳೆದು ಅದರಲ್ಲಿ ಡಬ್ಬಿಗಳನ್ನು ತಂದಿದ್ದಾನೆ. ಕೂರುವುದಿಲ್ಲ.

"ಹೊಸದೇನೂ ಬೇಡ ಏವಿಸ್. ಇರೋದನ್ನ ಬಿಡಿಸಿಬಿಡು, ಸಾಕು."

"ಬಿಡಿಸಿ?"

"ತಿಂಗಳಿಗೆ ನೂರರ ಮೇಲೆ ಕಿತ್ಕೊಳ್ತಾರೆ. ಮುಂದಿನ ವರ್ಷ ಇನ್ನೂ ಜಾಸ್ತಿ ಅಂತೆ. ಒಲೆ ಎಣ್ಣೆಗೆ ಕೊಡ್ಲಾ, ಇವರಿಗೆ ಕೊಡ್ಲಾ? ಉಳಿದಿರೋ ಮಾತ್ರೇನ ದಿನ ಬಿಟ್ಟು ದಿನ ನುಂಗ್ತೀನಿ."

ಏವಿಸ್ ಕೀಲಿಮಣೆಯಿಂದ ಕೈ ತೆಗೆಯುತ್ತಾರೆ. ಮರ್ಲ್‌ಗೆ ರಕ್ತ ಹೆಪ್ಪುಗಟ್ಟದಂತೆ ಒಂದು ಮಾತ್ರೆ ಇದೆ. ಹೋದ ಬೇಸಿಗೆಯಲ್ಲಿ ದೋಣಿಯ ಮೇಲೆಯೇ ಅವನ ಬಾಯಿ ಅರ್ಧ ದಿನ ಸೊಟ್ಟಗಾಗಿತ್ತು. ಮಾತ್ರೆ ತಪ್ಪಿದರೆ ಮುಂದಿನ ಸಲ ಅರ್ಧ ದಿನಕ್ಕೆ ಮುಗಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದು ದ್ವೀಪಕ್ಕೆಲ್ಲ ಗೊತ್ತು.

"ದಿನ ಬಿಟ್ಟು ದಿನ ಉಸಿರಾಡ್ತೀಯಾ? ಕೂತ್ಕೋ."

"ಕುರ್ಚಿ ಸಣ್ಣದು."

"ನೀನೇನು ಮಹಾ ದೊಡ್ಡೋನಲ್ಲ. ಕೂತ್ಕೋ ಮರ್ಲ್."

ಕೂರುತ್ತಾನೆ. ಏವಿಸ್ ಬಲೆಚೀಲ ಬಿಚ್ಚಿ ಡಬ್ಬಿಗಳನ್ನು ಮೇಜಿನ ಮೇಲೆ ಒಂದರ ಪಕ್ಕ ಒಂದು ಮಲಗಿಸುತ್ತಾರೆ. ಕಾರ್ಖಾನೆಯ ಕೈ ಇನ್ನೂ ಹಾಗೆಯೇ ಇದೆ. ಒಂದೊಂದರ ಹೆಸರನ್ನೂ ಗುಣುಗುಣು ಓದುತ್ತಾರೆ. ಒಂದು, ಎರಡು, ಮೂರು. ನಾಲ್ಕನೆಯದು ಉಸಿರಿಗೆ ಎಳೆದುಕೊಳ್ಳುವ ಪಂಪು. ಅದರ ಚೀಟಿ ನೋಡಿ ದನಿ ನಿಲ್ಲುತ್ತದೆ. ಐದನೆಯದನ್ನು ತಿರುಗಿಸುತ್ತಾರೆ. ಅದರ ಮೇಲೂ ಅದೇ ಹೆಸರು. ಲೆಟಿಷಾ ಆಲಿ.

ಮರ್ಲ್‌ನ ಹೆಂಡತಿ ಲೆಟಿ ತೀರಿಕೊಂಡು ಒಂದು ವರ್ಷ ನಾಲ್ಕು ತಿಂಗಳಾಯಿತು.

"ಹೋದ ವರ್ಷ ಪ್ಲಾನ್ ಯಾರ ಹತ್ರ ಮಾಡಿಸಿದೆ?"

"ಟಿವೀಲಿ ನಂಬರ್ ಬಂತು. ಫೋನ್ ಮಾಡಿದೆ. ಪಾಪ, ಒಳ್ಳೆ ಹುಡುಗಿ. ಮನೇಲಿ ಯಾವ್ಯಾವ ಔಷಧಿ ಇದೆ, ಒಂದೊಂದೇ ಓದಿ ಸರ್ ಅಂದ್ಲು. ಓದಿದೆ."

"ಎಲ್ಲಾನೂ?"

"ಮನೇಲಿರೋದು ಅಂದ್ಲು. ಅವಳದ್ದೂ ಮನೇಲೇ ಇತ್ತು."

ಒಲೆಯಲ್ಲಿ ಕಟ್ಟಿಗೆ ಕುಸಿಯುತ್ತದೆ. ಕಿಟಕಿಯ ಆಚೆ ಕಡಲ ಹೊಗೆ ಇನ್ನೂ ಕರಗಿಲ್ಲ, ಅದರ ಮೇಲೆ ಸೂರ್ಯ ಹಳೆಯ ತಟ್ಟೆಯಂತೆ ತೇಲುತ್ತಿದ್ದಾನೆ.

ಏವಿಸ್ ಮೆತ್ತಗೆ ಬಿಡಿಸಿ ಹೇಳುತ್ತಾರೆ. ಆ ಪಂಪು ತುಂಬ ದುಬಾರಿ. ಅದನ್ನು ಪಟ್ಟಿಯಲ್ಲಿಟ್ಟುಕೊಂಡ ಪ್ಲಾನ್‌ಗಳು ಕೆಲವೇ, ಎಲ್ಲವೂ ದೊಡ್ಡ ಪ್ರೀಮಿಯಂನವು. ಫೋನಿನ ಹುಡುಗಿ ಏಳು ಔಷಧಿಗೆ ಹೊಂದುವುದನ್ನು ಹುಡುಕಿ ಕೊಟ್ಟಿದ್ದಾಳೆ. ಅವಳ ತಪ್ಪೂ ಇಲ್ಲ. ಮರ್ಲ್ ಒಂದು ವರ್ಷ ಇಬ್ಬರಿಗೆ ಕಟ್ಟಿದ್ದಾನೆ.

ಹಳೆಯ ಪಟ್ಟಿ ಪರದೆಯ ಮೇಲೆ ಇದೆ. ಒಂದೊಂದು ಹೆಸರಿನ ಎದುರೂ ತೆಗೆದುಹಾಕಲು ಒಂದು ಸಣ್ಣ ಗುರುತು. ಏವಿಸ್ ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸುತ್ತಾರೆ.

"ಅವಳದ್ದು ಮೂರಿದೆ. ಇದನ್ನ ನಾನು ಒತ್ತಲ್ಲ ಮರ್ಲ್. ನೀನೇ ಒತ್ತು."

"ಒತ್ತದೇ ಇದ್ರೆ?"

"ಒತ್ತದೇ ಇದ್ರೆ ಬೆಲೆ ಹೀಗೇ ಇರುತ್ತೆ. ಪ್ಲಾನ್ ಬಿಡಿಸ್ತೀನಿ ಅಂತೀಯ. ಬಿಡಿಸಿ ಆಮೇಲೆ ಬೇಕು ಅಂದ್ರೆ ಮುಂದಿನ ಚಳಿಗಾಲದ ತನಕ ಇಲ್ಲ, ಮೇಲೆ ದಂಡ. ಅಲ್ಲಿವರೆಗೆ ನೀನು ಇರ್ತೀಯೋ ಇಲ್ವೋ."

ಮರ್ಲ್ ಪರದೆ ನೋಡುತ್ತಾನೆ. ಧಕ್ಕೆಯಿಂದ ದೋಣಿಯ ಹಾರ್ನ್ ಕೇಳುತ್ತದೆ. ಏವಿಸ್ ಅಲುಗುವುದಿಲ್ಲ. ಎರಡನೆಯ ಹಾರ್ನ್. ಸ್ವಲ್ಪ ಹೊತ್ತಿಗೆ ಎಲ್ಡನ್ನೇ ಬೂಟಿನ ಹಿಮ ಝಾಡಿಸುತ್ತ ಬಾಗಿಲಲ್ಲಿ ನಿಲ್ಲುತ್ತಾನೆ.

"ಏವಿಸ್, ಬೆಳಕು ಹೋಗ್ತಿದೆ."

"ಸ್ವಲ್ಪ ತಡಿ ಅಂತ ಬೆಳಕಿಗೆ ಹೇಳು."

ಎಲ್ಡನ್ ಮೇಜು ನೋಡುತ್ತಾನೆ, ಮರ್ಲ್‌ನ ಮುಖ ನೋಡುತ್ತಾನೆ, ಟೋಪಿ ತೆಗೆದು ಗೋಡೆಗೆ ಒರಗುತ್ತಾನೆ.

ಮರ್ಲ್ ಬೆರಳು ಚಾಚುತ್ತಾನೆ. ಹಗ್ಗ ಎಳೆದು ಎಳೆದು ಮರಗಟ್ಟಿದ ಬೆರಳು, ಗುರಿ ತಪ್ಪುತ್ತದೆ. ಒಂದು ಹೆಸರು ಮಾಯವಾಗುತ್ತದೆ.

"ಅಯ್ಯೋ. ನಂದೇ ಹೋಯ್ತು."

"ಅವಳದ್ದು ಇಟ್ಕೊಂಡು ನಿಂದು ತೆಗೆದ್ರೆ ಲೆಟಿ ಸುಮ್ನೆ ಬಿಡ್ತಾಳಾ? ಎದ್ದು ಬಂದು ಕಿವಿ ಹಿಂಡ್ತಾಳೆ."

ಮರ್ಲ್ ನಕ್ಕ ಹಾಗೆ ಕಾಣುತ್ತದೆ. ಏವಿಸ್ ಅವನ ಮಾತ್ರೆಯನ್ನು ಪಟ್ಟಿಗೆ ಮತ್ತೆ ಸೇರಿಸುತ್ತಾರೆ. ಅವನು ಮತ್ತೆ ಬೆರಳು ಚಾಚುತ್ತಾನೆ. ಒಂದು. ಇನ್ನೊಂದು. ಮೂರನೆಯದಕ್ಕೆ ಬಹಳ ಹೊತ್ತು ಹಿಡಿಯುತ್ತದೆ.

ಪರದೆ ಒಮ್ಮೆ ಬೆಳ್ಳಗಾಗಿ ಹೊಸ ಪ್ಲಾನ್‌ಗಳನ್ನು ತರುತ್ತದೆ. ಮೇಲಿನದ್ದೇ ತಿಂಗಳಿಗೆ ಹನ್ನೊಂದು ಡಾಲರಿನದು. ಏವಿಸ್ ಪ್ರೀಮಿಯಂ ಬಿಟ್ಟು ಕೆಳಗೆ ಇಳಿಯುತ್ತಾರೆ. ರಕ್ತದ ಮಾತ್ರೆ ಪಟ್ಟಿಯಲ್ಲಿದೆ. ಉಳಿದ ಮೂರೂ ಇವೆ. ಇನ್ನೂ ಕೆಳಗೆ, ಅಂಗಡಿಗಳ ಸಾಲು. ಬಾರ್ಟನ್ ಕೋವ್ ಇದೆ.

"ಎಲ್ಡನ್, ಇನ್ನೊಂದು ಪೊಟ್ಟಣಕ್ಕೆ ಕೋಟಲ್ಲಿ ಜಾಗ ಇದೆಯಾ?"

"ಹೊಟ್ಟೆ ಒಳಗೆಳ್ಕೊಂಡ್ರೆ ಆಗುತ್ತೆ."

ಮರ್ಲ್ ತನ್ನ ನಾಲ್ಕು ಡಬ್ಬಿಗಳನ್ನು ಬಲೆಚೀಲಕ್ಕೆ ತುಂಬುತ್ತಾನೆ. ಲೆಟಿಯ ಮೂರನ್ನು ಅಂಗಿಯ ಒಳಜೇಬಿಗೆ ಇಳಿಸುತ್ತಾನೆ. ಬೇಡದ ಔಷಧಿಯನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು, ಊರಿನ ಅಂಗಡಿಯ ಪೆಟ್ಟಿಗೆಗೆ ಹಾಕಲು ಕಳಿಸಿ ಎಂದು ಏವಿಸ್ ಪ್ರತಿಯೊಬ್ಬರಿಗೂ ಹೇಳುತ್ತಾರೆ. ಇವತ್ತು ಹೇಳುವುದಿಲ್ಲ.

ಇದನ್ನೆಲ್ಲ ಪತ್ರಿಕೆಯಲ್ಲಿ ಬರೆಯಬಹುದೇ ಎಂದು ನಾನು ಕೇಳಿದರೆ ಮರ್ಲ್ ಹೆಗಲು ಕುಣಿಸುತ್ತಾನೆ. "ಬರೀರಿ. ಲೆಟಿ ಹೆಸರು ಸರಿಯಾಗಿ ಬರೀರಿ."

ವಾಪಸು ಬರುವಾಗ ಕಡಲು ಬೂದಿಬಣ್ಣ. ಸೀಟಿನ ಕೆಳಗೆ ಯಾರೋ ಒಂದು ಜೊತೆ ಕೈಗವಸು ಮರೆತಿದ್ದಾರೆ. ಏವಿಸ್ ಕಣ್ಣು ಮುಚ್ಚಿ ಕೂತಿದ್ದಾರೆ, ನಿದ್ದೆಯೋ ಅಲ್ಲವೋ ತಿಳಿಯದು. ಮನೆಯಲ್ಲಿ ಕಟ್ಟಬೇಕಾದ ಮಾಲೆಗಳು ರಾಶಿ ಬಿದ್ದಿವೆ. ಇಷ್ಟೆಲ್ಲ ಮಾಡಿದ್ದಕ್ಕೆ ಏನು ಬೇಕು ಎಂದು ಕೇಳಿದರೆ ಕಣ್ಣು ತೆರೆಯದೆ ಉತ್ತರಿಸುತ್ತಾರೆ.

"ನಂಗೇನು ಬೇಕು. ಜನವರೀಲಿ ಮೊದಲ ದೋಣಿ ಹೊರಡುವಾಗ ಧಕ್ಕೆ ಮೇಲೆ ನಿಂತ್ಕೋಬೇಕು. ಅಷ್ಟೆ."

ಜನವರಿಯ ಆ ಬೆಳಗ್ಗೆಯೂ ಕಡಲು ಹೊಗೆಯಾಡುತ್ತದೆ. ಏವಿಸ್ ಅವರ ಬೆರಳುಗಳು ಈಗ ಬೆಳ್ಳಗಿವೆ. ಎಲ್ಡನ್ ಪೊಟ್ಟಣಗಳನ್ನು ಒಂದೊಂದಾಗಿ ಕೋಟಿನೊಳಗೆ ಸೇರಿಸುವಾಗ ಏವಿಸ್ ಮರ್ಲ್‌ನ ಹೆಸರಿನದನ್ನು ಇಸಿದುಕೊಂಡು ಕಿವಿಯ ಹತ್ತಿರ ಅಲುಗಿಸಿ ನೋಡುತ್ತಾರೆ. ಗಿಲಗಿಲ. ಕೊಟ್ಟುಬಿಡುತ್ತಾರೆ. ದೋಣಿ ಬಿಳುಪಿನೊಳಗೆ ಹೋಗುತ್ತದೆ. ಸದ್ದು ಕೇಳುವಷ್ಟು ಹೊತ್ತು ನಿಂತಿರುತ್ತಾರೆ, ಸದ್ದು ನಿಂತ ಮೇಲೂ.

ಮಧ್ಯಾಹ್ನ ಧಕ್ಕೆಯ ಕೋಣೆಯಲ್ಲಿ, ದೋಣಿಯಿಂದ ಎಲ್ಡನ್ ಕರೆಯುವ ರೇಡಿಯೋ ಕರಕರ ಎನ್ನುತ್ತದೆ. ಏವಿಸ್ ಎದ್ದು ಗುಂಡಿ ಒತ್ತುತ್ತಾರೆ.

"ಕೊಟ್ಯಾ?"

"ಕೊಟ್ಟೆ. ಧಕ್ಕೇಲೇ ನಿಂತಿದ್ದ. ಅಲ್ಲೇ ಬಿಚ್ಚಿ ಒಂದು ನುಂಗಿದ, ನೀರೂ ಇಲ್ದೆ. ನಿಂಗೇನೋ ಹೇಳು ಅಂದ."

"ಏನಂತೆ?"

ಕರಕರ. ಮತ್ತೆ ಕರಕರ.

"ದಾಟ್ತು ಅಂತೆ."