ಅಜ್ಜಿಯ ಹೆಬ್ಬೆರಳು

ಮೇಷ್ಟ್ರು ಆರು ವರ್ಷದ ಮೇಲೆ ನಮ್ಮ ಮನೆ ಬಾಗಿಲಿಗೆ ಬಂದಾಗ ಒಳಗೆ ಕರೆದು ಕೂರಿಸಿ ಕಾಫಿ ಕೊಟ್ಟೆ. ನಗುನಗುತ್ತಲೇ ಕೊಟ್ಟೆ. ಇಂಥದ್ದೊಂದು ದಿನಕ್ಕೆ ಆರು ವರ್ಷವೂ ಕಾದಿದ್ದವಳಿಗೆ ಆ ನಗು ಕಷ್ಟವಾಗಲಿಲ್ಲ.

ಗುಬ್ಬಿಯಲ್ಲಿ ಅವರದೊಂದು ಮರಗೆತ್ತನೆ ಅಂಗಡಿ. ಮದುವೆಗೆ ಮುಂಚೆ ನಾಲ್ಕು ವರ್ಷ ನಾನು ಅಲ್ಲಿ ಕೆಲಸ ಕಲಿತೆ. ಮರ ಸೀಳಿ ಒರಟಾಗಿ ಆಕಾರ ತರುವುದು ಅವರ ಪಾಲು. ಕಣ್ಣು, ಉಗುರು, ಸೀರೆಯ ನೆರಿಗೆಯಂಥ ನಯದ ಕೆಲಸವೆಲ್ಲ ನನ್ನ ಪಾಲು. ಅವರ ಬಲಗೈ ನಡುಗುತ್ತಿತ್ತು. ಅದು ನನಗೆ ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ. ನಾನೂ ಬಾಯಿ ಬಿಟ್ಟಿರಲಿಲ್ಲ.

ಕೊನೆಯ ವರ್ಷ ಶಿವನೆ ಮರದಲ್ಲಿ ರಾಗಿ ಕೇರುವ ಮುದುಕಿಯೊಬ್ಬಳನ್ನು ಕೆತ್ತಿದೆ. ಮೊದಲಿನಿಂದ ಕೊನೆಯವರೆಗೂ ನಾನೇ. ಹಾಗಲವಾಡಿಯ ನಮ್ಮ ಅಜ್ಜಿ ಅದು. ಅಂಗಡಿ ಕೆಲಸ ಮುಗಿದ ಮೇಲೆ ದಿನಾ ಸಂಜೆ ಕೂತು ಐದು ತಿಂಗಳು ತಿದ್ದಿದೆ. ಮೊರ ಹಿಡಿದ ಬೆರಳುಗಳ ಗೆಣ್ಣು, ಮುಂಗೈಯ ನರ, ಓಲೆಯ ಭಾರಕ್ಕೆ ಜೋತ ಕಿವಿ. ಅಜ್ಜಿಯ ಎಡ ಹೆಬ್ಬೆರಳಿನ ಉಗುರು ಕುಡುಗೋಲು ತಾಗಿ ನಡುವೆ ಸೀಳಿಕೊಂಡಿತ್ತು. ಆ ಸೀಳು ಒಂದಕ್ಕೇ ನಾಲ್ಕು ದಿನ ಹಿಡಿಯಿತು.

ಮೇಷ್ಟ್ರು ಅದನ್ನು ತುಮಕೂರಿನ ಪ್ರದರ್ಶನಕ್ಕೆ ಕಳಿಸಿದರು. ಅಲ್ಲಿ ಅದಕ್ಕೆ ಮೊದಲ ಬಹುಮಾನ ಬಂತು. ಹೋಗಿ ನೋಡಿದರೆ ಕೆಳಗೆ ಮೇಷ್ಟ್ರ ಹೆಸರು. ಅವರು ಶಾಲು ಹೊದ್ದು ಫೋಟೋಗೆ ನಿಂತಿದ್ದರು. ಪಕ್ಕಕ್ಕೆ ಕರೆದು ಕೇಳಿದೆ.

“ನಿನ್ ಹೆಸ್ರು ಹಾಕಿದ್ರೆ ಯಾರಮ್ಮ ತಿರುಗಿ ನೋಡ್ತಿದ್ರು? ಮದ್ವೆ ಆಗಿ ಹೋಗೋಳು ನೀನು, ಬುಡು,” ಅಂದರು.

ಮಾರನೆಯ ದಿನದಿಂದ ಅಂಗಡಿಗೆ ಹೋಗಲಿಲ್ಲ. ಅಜ್ಜಿಯನ್ನು ಕುಣಿಗಲ್‌ನ ಡಾಕ್ಟರಮ್ಮ ಒಬ್ಬರು ಕೊಂಡುಕೊಂಡರೆಂದು ಆಮೇಲೆ ಕೇಳಿದೆ.

ಈಗ ಮೇಷ್ಟ್ರು ಬಂದಿದ್ದು ಅದಕ್ಕೇ. ಡಾಕ್ಟರಮ್ಮನ ಮನೆಗೆ ಪೇಂಟ್ ಹೊಡೆಯುವಾಗ ಶಿಲ್ಪ ಬಿದ್ದು ಎಡ ಹೆಬ್ಬೆರಳು ಮುರಿದಿತ್ತು. ಕೆತ್ತಿದವರೇ ಬಂದು ಸರಿಮಾಡಬೇಕೆಂದು ಆಕೆ ಪಟ್ಟು ಹಿಡಿದಿದ್ದರು.

“ನೀನೇ ಮಾಡ್ಕೊಡ್ಬೇಕು ಕಣಮ್ಮ. ನಿಂಗೊತ್ತಲ್ಲ, ನನ್ ಕೈ…”

“ಬರ್ತೀನಿ ಮೇಷ್ಟ್ರೆ. ಆದ್ರೆ ನೀವೂ ಜೊತೇಲಿರ್ಬೇಕು,” ಅಂದೆ.

ಹೊಸ ಬೆರಳನ್ನು ಮನೆಯಲ್ಲೇ ಒರಟಾಗಿ ಕೆತ್ತಿಕೊಂಡು ಒಂದು ಭಾನುವಾರ ಅವರ ಜೊತೆ ಕುಣಿಗಲ್‌ಗೆ ಹೋಗಿ ಅಂಟಿಸಿದೆ. ಡಾಕ್ಟರಮ್ಮನಿಗೆ ಮೇಷ್ಟ್ರು ನನ್ನನ್ನು ತೋರಿಸಿ, “ಇವ್ಳು ನಮ್ ಅಸಿಸ್ಟೆಂಟು ಮೇಡಂ. ಅಂಟು ಹಾಕೋಕೆ ಬಂದವ್ಳೆ. ಫಿನಿಶಿಂಗ್ ಎಲ್ಲಾ ನಂದೇ,” ಅಂದರು. ಅಲ್ಲಿಯವರೆಗೆ ಡಾಕ್ಟರಮ್ಮನಿಗೆ ನಿಜ ಹೇಳಿ ಬರಬೇಕೆಂದಷ್ಟೇ ಅಂದುಕೊಂಡಿದ್ದೆ. ಆ ಮಾತು ಕೇಳಿದ ಮೇಲೆ ಬಾಯಲ್ಲಿ ಹೇಳಿದರೆ ಸಾಲದು ಅನ್ನಿಸಿತು.

ಮುಂದಿನ ಭಾನುವಾರ ಮತ್ತೆ ಹೋದೆವು. ಡಾಕ್ಟರಮ್ಮ ಅಜ್ಜಿಯನ್ನು ಕಿಟಕಿಯ ಬೆಳಕಿಗೆ ಇಡಿಸಿ, ನೋಡಲು ತಾವೂ ಕುರ್ಚಿ ಎಳೆದುಕೊಂಡು ಕೂತರು. ನಾನು ಅತಿ ಸಣ್ಣ ಉಳಿಯನ್ನು ತೆಗೆದು ಎರಡೂ ಕೈಯಲ್ಲಿ ಮೇಷ್ಟ್ರಿಗೆ ಕೊಟ್ಟೆ.

“ಅಂಟು ಒಣಗಿದೆ ಮೇಷ್ಟ್ರೆ. ನನ್ ಕೆಲ್ಸ ಮುಗೀತು. ಇನ್ನು ಫಿನಿಶಿಂಗ್ ನೀವ್ ಮಾಡಿ.”

ಅವರು ನನ್ನ ಮುಖ ನೋಡಿದರು. “ಕನ್ನಡಕ ತಂದಿಲ್ವಲ್ಲಮ್ಮ…”

“ಜೇಬಲ್ಲೇ ಇದೆಯಲ್ಲ ಸಾರ್,” ಅಂದರು ಡಾಕ್ಟರಮ್ಮ.

ಮೇಷ್ಟ್ರು ಕನ್ನಡಕ ಹಾಕಿಕೊಂಡು ಉಳಿಯನ್ನು ಉಗುರಿಗೆ ಇಟ್ಟರು. ಮೊನೆ ಮರದ ಮೇಲೆ ಟಿಕಟಿಕ ಬಡಿಯತೊಡಗಿತು. ‘ಸಾಕು, ಕೊಡಿ’ ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನಾನು ಅನ್ನಲಿಲ್ಲ. ಉಳಿ ಜಾರಿ ಬೆರಳಿನ ಗೆಣ್ಣಿನ ಮೇಲೆ ಅಡ್ಡಕ್ಕೆ ಆಳವಾದ ಗೀರು ಎಳೆಯಿತು. ನೋಡುತ್ತಾ ಕೂತಿದ್ದೆ. ಒಳಗೆಲ್ಲ ತಣ್ಣಗಾಯಿತು.

ಡಾಕ್ಟರಮ್ಮ ಅವರ ಕೈಯನ್ನು ಸ್ವಲ್ಪ ಹೊತ್ತು ನೋಡಿದರು. “ಈ ನಡುಕ ಎಷ್ಟು ವರ್ಷದಿಂದ ಇದೆ?”

ಮೇಷ್ಟ್ರು ಉಳಿಯನ್ನು ಕೆಳಗಿಟ್ಟರು. “ನಾನು ಅಂಗಡಿ ಸೇರೋಕ್ ಮುಂಚಿಂದ,” ಎಂದು ನಾನೇ ಹೇಳಿ, ಮೊಬೈಲಿನಲ್ಲಿದ್ದ ನಮ್ಮ ಅಜ್ಜಿಯ ಫೋಟೋ ತೆಗೆದು ಡಾಕ್ಟರಮ್ಮನ ಮುಂದೆ ಹಿಡಿದೆ. ಆಕೆ ಫೋಟೋ ದೊಡ್ಡದು ಮಾಡಿ ಕಿವಿ ನೋಡಿದರು, ಸೀಳು ಉಗುರು ನೋಡಿದರು, ಶಿಲ್ಪದ ಕಡೆ ತಿರುಗಿದರು. ಮೇಷ್ಟ್ರು ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಟರು. ಯಾರೂ ಕೂಗಿ ಕರೆಯಲಿಲ್ಲ.

ಆ ಗೀರು ಹೋಗಲಾಡಿಸಲು ನಾನು ಗೆಣ್ಣನ್ನೇ ಸುತ್ತಲೂ ತೆಳ್ಳಗೆ ಹೆರೆಯಬೇಕಾಯಿತು. ಈಗಿರುವ ಹೆಬ್ಬೆರಳು ಅಜ್ಜಿಯದಕ್ಕಿಂತ ಸಣ್ಣ. ಅದೊಂದು ನನಗೆ ನೋವೇ. ಉಳಿ ಕೊಡುವಾಗಲೇ ಹೀಗಾಗುತ್ತದೆಂದು ಗೊತ್ತಿತ್ತು, ಗೊತ್ತಿದ್ದೇ ಕೊಟ್ಟೆ.

ಡಾಕ್ಟರಮ್ಮ ಶಿಲ್ಪದ ಕೆಳಗಿನ ಫಲಕದಲ್ಲಿ ನನ್ನ ಹೆಸರು ಹಾಕಿಸಿ ನನಗೆ ಫೋಟೋ ಕಳಿಸಿದರು. ವಿಷಯ ಗುಬ್ಬಿಯವರೆಗೂ ಬಂತು. ಮೇಷ್ಟ್ರು ಈಗ ಅಂಗಡಿಯಲ್ಲಿ ಬರೀ ಬಾಗಿಲು, ಮಂಚದ ಕೆಲಸ ಮಾಡಿಸುತ್ತಾರಂತೆ.

“ವಯಸ್ಸಾದೋರು ಕಣೇ. ಕೈ ನಡುಗೋದು ಅವ್ರ ತಪ್ಪಾ? ಹೋಗಿ ಒಂದ್ ಮಾತಾಡ್ಸ್ಕೊಂಡ್ ಬಾ,” ಎನ್ನುತ್ತಾಳೆ ಅಮ್ಮ.

ಕೈ ನಡುಗಿದ್ದು ಅವರ ತಪ್ಪಲ್ಲ, ಅದು ನನಗೂ ಗೊತ್ತು. ಹೋಗಿಲ್ಲ. ಹೋಗುವುದೂ ಇಲ್ಲ.