ಅರ್ಧಕ್ಕೇ ನಿಂತ ನಲ್ಲಿ ಜಗಳ

ನಮ್ಮ ಮನೆಯಲ್ಲಿ ಯಾವುದನ್ನೂ ನಾಳೆಗೆ ಎಂದು ಇಡುವಂತಿಲ್ಲ. ತಾಟಿನಲ್ಲಿ ಅರ್ಧ ರೊಟ್ಟಿ ಉಳಿದರೂ, ಪೇಪರಿನ ಒಂದು ಪುಟ ಬಾಕಿಯಾದರೂ ನಮ್ಮವರು ಚಡಪಡಿಸುತ್ತಾರೆ. ರಿಪೇರಿಯವನು ಮರಾಠಿಯಲ್ಲಿ ‘ಉದ್ಯಾ ಯೇತೋ’, ನಾಳೆ ಬರುತ್ತೇನೆ, ಎಂದು ಹೇಳಿ ಹೋದನೋ, ಮುಗಿಯಿತು, ಅವನು ಬರುವ ತನಕ ಬಾಗಿಲು ಬಿಟ್ಟು ಕದಲುವುದಿಲ್ಲ. ಯುದ್ಧದಿಂದ ಬಂದಾಗಿನಿಂದ ಹೀಗೆ. ಮೊದಲು ಭಾಳ ಆರಾಮದ ಮನುಷ್ಯ.

ಅವರು ಗಡಿಗೆ ಹೋದಾಗ ನಾನು ಸದಾಶಿವ ಪೇಠೆಯ ಒಂದು ವಾಡೆಯಲ್ಲಿ, ಎಲ್ಲ ಬಿಡಾರಗಳಿಗೂ ಒಂದೇ ನಲ್ಲಿಯಿದ್ದ ಹಳೇ ಮನೆಯಲ್ಲಿ, ಬಾಡಿಗೆಗಿದ್ದೆ. ಪ್ರೀತಿ ಗೀತಿ ಬರೆಯುವುದು ನನಗೆ ಬಾರದು. ಮನೆ ಮಾಲಕಿಯೊಂದಿಗೆ ನಲ್ಲಿ ನೀರಿಗಾಗಿ ಆಡಿದ ಜಗಳಗಳನ್ನೇ ಉಪ್ಪುಖಾರ ಹಚ್ಚಿ ಬರೆದು ಕಳಿಸುತ್ತಿದ್ದೆ. ಅವರ ಉತ್ತರ ಬಂತು: ಬಂಕರಿನಲ್ಲಿ ಜೊತೆಗೆ ಅಥಣಿ ಕಡೆಯ ಸಿಪಾಯಿಯೊಬ್ಬನಿದ್ದಾನೆ, ಅವನಿಗೆ ಕಾಗದ ಬರೆಯುವವರು ಯಾರೂ ಇಲ್ಲ, ನಿನ್ನವನ್ನೇ ಅವನಿಗೂ ಓದಿ ಹೇಳುತ್ತೇನೆ. ಮೈಯೆಲ್ಲ ಉರಿಯಿತು ನನಗೆ. ಯಾರೋ ಪರಗಂಡಸಿನ ಮುಂದೆ ನನ್ನ ಕಾಗದವೇ! ಕೆಳಗೆ ಇನ್ನೊಂದು ಸಾಲಿತ್ತು: ‘ಟಪಾಲು ಬಂದ ಕೂಡಲೇ, ವೈನಿ ಏನ್ ಬರದಾರ್ರೀ ಅಂತ ಕೇಳತಾನ.’ ವೈನಿ, ಅಂದರೆ ಅತ್ತಿಗೆ, ಎಂದ ಮೇಲೆ ಮೈದುನನೇ ಆದನಲ್ಲ. ಸಿಟ್ಟು ಇಳಿಯಿತು.

ಅಲ್ಲಿ ಟಪಾಲು ಅಪರೂಪ. ಹೀಗಾಗಿ ಕಾಗದವನ್ನು ಒಂದೇ ಸಲ ಓದಿ ಮುಗಿಸುತ್ತಿರಲಿಲ್ಲವಂತೆ, ದಿನಕ್ಕೊಂದು ಹಾಳೆ. ಕೊನೆಯ ಸಲ ಓದು ನಿಂತಿದ್ದು ಮಾಲಕಿ ನನ್ನ ಕೊಡವನ್ನು ಬೀದಿಗೆ ಒಗೆದಲ್ಲಿಗೆ. “ಮುಂದ ವೈನಿ ಏನ್ ಮಾಡಿದ್ರೀ?” ಎಂದು ಅವನು ಗಂಟುಬಿದ್ದನಂತೆ. ಇವರು ನಕ್ಕು, “ಉಳಿದದ್ದು ನಾಳೆ” ಎಂದು ಮಡಿಸಿಟ್ಟರು. ಬೆಳಗಿನ ಜಾವ ಶೆಲ್ ಬಿತ್ತು. ಅವನು ಹೋದ, ಇವರು ಉಳಿದರು.

ಆ ಕಾಗದ ಇವರ ಜೇಬಿನಲ್ಲೇ ಮನೆಗೆ ಬಂತು. ಎರಡನೆಯ ಹಾಳೆಯನ್ನು ಇವರು ಓದಲಿಲ್ಲ, ನನಗೂ ಓದಗೊಡಲಿಲ್ಲ, ಬಾಯಿಮಾತಿನಲ್ಲಿ ಹೇಳಲೂ ಬಿಡಲಿಲ್ಲ. ಅದರಲ್ಲೇನಿದೆ ಎಂದು ನನಗೆ ಗೊತ್ತು, ಬರೆದವಳೇ ನಾನು. ಜಗಳ ಮುಗಿದ ಮೇಲೆ ಕೊನೆಗೆ ಬರೆದಿದ್ದೆ: ಬರುವಾಗ ಆ ತಮ್ಮನನ್ನೂ ಕರಕೊಂಡು ಬರ್ರಿ, ಹೋಳಿಗಿ ಮಾಡ್ತೀನಿ. ಅವನನ್ನೂ ಊಟಕ್ಕೆ ಕರೆಯುವವರು ಒಬ್ಬರಿದ್ದರು ಎಂಬುದು ಇವರ ಕಿವಿಗೆ ಬೀಳಲಿ ಎಂದು ಇಷ್ಟು ವರ್ಷ ನನ್ನ ಜೀವ ಒದ್ದಾಡಿದೆ. ಇವರೋ ಸಂಜೆ ಚಹಾ ಕುಡಿಯುವಾಗ ಪಕ್ಕದ ಕುರ್ಚಿಯಲ್ಲಿ ಯಾರನ್ನೂ ಕೂರಗೊಡುವುದಿಲ್ಲ. ಆ ಖಾಲಿ ಕುರ್ಚಿ ಕಂಡರೆ ನನಗೆ ಹೆದರಿಕೆಯಾಗುತ್ತದೆ, ಸಿಟ್ಟೂ ಬರುತ್ತದೆ.

ಮೊನ್ನೆ ಆಸ್ಪತ್ರೆಯಲ್ಲಿ ಇವರಿಗೆ ಹೃದಯದ ಆಪರೇಶನ್‌ಗೆ ಮುಂದಿನ ವಾರ ಬರಲು ಹೇಳಿದರು. ಮನೆಗೆ ಬಂದವರೇ ಟ್ರಂಕು ತೆಗೆದು, ಕಾಗದ ತಂದು ನನ್ನ ಕೈಗಿಟ್ಟು ತಮ್ಮ ಜಾಗದಲ್ಲಿ ಕೂತರು.

“ಎರಡನೇ ಹಾಳಿ ಓದು. ಜೋರಾಗಿ ಓದು.”

ಓದಿದೆ. ನಾನು ಮಾಲಕಿಯ ತಾಮ್ರದ ಹಂಡೆಯನ್ನೇ ಹೊತ್ತು ತಂದು ನಮ್ಮ ಮನೆಯಲ್ಲಿಟ್ಟು ಕೀಲಿ ಹಾಕಿದ್ದು, ಸಂಜೆ ಅವಳೇ ನನ್ನ ಕೊಡ ತುಂಬಿಸಿ ತಂದುಕೊಟ್ಟಿದ್ದು. ಇವರು ಪಕ್ಕದ ಕುರ್ಚಿಯ ಕಡೆ ತಿರುಗಿದರು.

“ಕೇಳಿದ್ಯೇನೋ ತಮ್ಮಾ? ನಿಮ್ಮ ವೈನೀನ ಗೆದ್ದಾಳ.”

ಕೊನೆಯ ಸಾಲನ್ನು ಹೇಗೋ ಅಳುತ್ತಲೇ ಓದಿದೆ. ಇವರು ಹಾಳೆಯನ್ನು ಇಸಿದುಕೊಂಡು ಮಡಿಸಿ ಜೇಬಿಗಿಟ್ಟರು.

“ಹೋಳಿಗಿ ಇವತ್ತ ಮಾಡು” ಎಂದರು.

ನಾನು ಎದ್ದು ಮೂವರಿಗಾಗುವಷ್ಟು ಕಡಲೆಬೇಳೆ ಬೇಯಲಿಟ್ಟೆ.