ಸ್ವೀಡಿಶ್ ಮೇಜಿನ ಎರಡನೇ ಕುರ್ಚಿ

ಚಿತ್ರದಲ್ಲಿ ಬಾಗಿಲು ಒಳಕ್ಕೆ ತೆರೆದುಕೊಂಡಿತ್ತು. ಹೆಂಗಸೊಬ್ಬಳು ಹಿಡಿಕೆ ಹಿಡಿದು ನಗುತ್ತಾ ಅತಿಥಿಗಳನ್ನು ಬರಮಾಡಿಕೊಳ್ಳುತ್ತಿದ್ದಳು. ಅತಿಥಿಗಳು ಬೂಟು ಹಾಕಿಕೊಂಡೇ ನಡುಮನೆಯಲ್ಲಿ ನಿಂತಿದ್ದರು. ಸ್ವೀಡನ್ ಸಾರ್ ಕನ್ನಡಕವನ್ನು ಹಣೆಗೇರಿಸಿ, ಕಂಪ್ಯೂಟರಿಗೆ ಮುಖ ಹತ್ತಿರ ತಂದು ನೋಡಿದರು. ಆಮೇಲೆ ಚಿತ್ರದ ಕೆಳಗೆ ಟೈಪ್ ಮಾಡಿದರು: ‘ಸ್ವೀಡನ್ನಿನಲ್ಲಿ ಮನೆಯ ಮುಂಬಾಗಿಲು ಹೊರಕ್ಕೆ ತೆರೆಯುತ್ತದೆ. ಮನೆಯೊಳಗೆ ಯಾರೂ ಬೂಟು ಹಾಕುವುದಿಲ್ಲ. ಬೇರೆ ಚಿತ್ರ ಕೊಡಿ.’

ಕಂಪನಿ ಮಾರುವುದು ಬೀಗ. ಬಾಗಿಲು ಯಾವ ಕಡೆ ತೆರೆಯುತ್ತದೆಂದೇ ತಿಳಿಯದವರ ಹತ್ತಿರ ಯಾರೂ ಬೀಗ ಕೊಳ್ಳುವುದಿಲ್ಲ.

ಅವರ ಕೆಲಸವನ್ನು ಭಾಷಾಂತರ ಎಂದರೆ ಅವರಿಗೆ ಸಿಟ್ಟು ಬರುತ್ತದೆ. ‘ಒಗ್ಗಿಸೋದು’ ಎನ್ನುತ್ತಾರೆ. ಮುಖ್ಯ ಕಚೇರಿಯಿಂದ ‘ನಿಮ್ಮ ಕುಟುಂಬಕ್ಕೊಂದು ಅಭೇದ್ಯ ಕೋಟೆ!’ ಎಂಬ ಜಾಹೀರಾತು ಬರುತ್ತದೆ. ಅವರು ಕೋಟೆಯನ್ನು ಕೆಡವಿ, ಉದ್ಗಾರ ಚಿಹ್ನೆಯನ್ನು ಕಿತ್ತು, ‘ಈ ಬೀಗವನ್ನು ಮೈನಸ್ ಇಪ್ಪತ್ತು ಡಿಗ್ರಿ ಚಳಿಯಲ್ಲಿ ಪರೀಕ್ಷಿಸಲಾಗಿದೆ’ ಎಂದು ಬರೆಯುತ್ತಾರೆ. ಸ್ವೀಡಿಶ್ ಮಾತಾಡುವ ಗಿರಾಕಿಗಳು ಜಂಬ ಕೊಚ್ಚಿಕೊಳ್ಳುವ ಅಂಗಡಿಯನ್ನು ನಂಬುವುದಿಲ್ಲ. ಸರಕು ತಲುಪುವ ದಿನವನ್ನು ತಾರೀಖಿನಲ್ಲಿ ಹೇಳುವುದಕ್ಕಿಂತ ವರ್ಷದ ಎಷ್ಟನೇ ವಾರ ಎಂದು ಹೇಳಿದರೆ ಅವರಿಗೆ ಸಲೀಸು. ಇಂಥವನ್ನೆಲ್ಲ ನೋಡಿಕೊಳ್ಳಲು ಇಡೀ ಕಟ್ಟಡದಲ್ಲಿದ್ದವರು ಅವರೊಬ್ಬರೇ.

ಮೂರನೇ ಮಹಡಿಯಲ್ಲಿ ಜನರನ್ನು ಹೆಸರಿಗಿಂತ ಭಾಷೆಯಿಂದ ಕರೆಯುವುದೇ ಹೆಚ್ಚು. ಜರ್ಮನ್ ನೋಡಿಕೊಳ್ಳುವವರು ನಾಲ್ವರು, ಫ್ರೆಂಚ್ ನೋಡಿಕೊಳ್ಳುವವರು ಮೂವರು. ‘ಇವತ್ತು ಜರ್ಮನಿಗೆ ಜ್ವರ,’ ‘ಫ್ರಾನ್ಸ್ ಇನ್ನೂ ಬಸ್ಸಲ್ಲಿದೆ’ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಕ್ಯಾಂಟೀನಿನಲ್ಲೂ ಹಾಗೇ ಕೂರುತ್ತಾರೆ. ಬೆಳಗಿನಿಂದ ಯಾವುದೋ ಒಂದು ವಾಕ್ಯದ ಮೇಲೆ ಜಗಳವಾಡಿದವರು ಊಟಕ್ಕೂ ಆ ಜಗಳವನ್ನು ಹೊತ್ತು ತರುತ್ತಾರೆ. ನಲ್ಲಿಯ ಪಕ್ಕದ ಕಿಟಕಿಯ ಹತ್ತಿರ ಇಬ್ಬರು ಕೂರುವಷ್ಟು ಚಿಕ್ಕ ಮೇಜೊಂದಿದೆ. ಅದು ಸ್ವೀಡನ್. ಅದರ ಎರಡನೇ ಕುರ್ಚಿಯನ್ನು ಜರ್ಮನಿಯವರು ಆಗಾಗ ಎಳೆದುಕೊಂಡು ಹೋಗುತ್ತಾರೆ. ‘ಸಾರ್, ತಗೋಬಹುದಾ?’ ಎಂದು ಮೊದಲು ಕೇಳುತ್ತಿದ್ದರು. ಈಗ ಕೇಳುವುದನ್ನೂ ಬಿಟ್ಟಿದ್ದಾರೆ.

ಅವರು ಆ ಭಾಷೆ ಕಲಿತದ್ದು ಮೂವತ್ತರ ಹರೆಯದಲ್ಲಿ. ಆಗ ಕಂಪನಿ ತರಬೇತಿಗೆಂದು ಒಂದು ಚಳಿಗಾಲದ ಮಟ್ಟಿಗೆ ಅವರನ್ನು ಅಲ್ಲಿಯ ಸಣ್ಣ ಊರೊಂದಕ್ಕೆ ಕಳಿಸಿತ್ತು. ಕೋಣೆ ಬಾಡಿಗೆಗೆ ಕೊಟ್ಟವರು ಎಪ್ಪತ್ತೈದು ದಾಟಿದ ನಿವೃತ್ತ ಶಿಕ್ಷಕಿ. ಮಧ್ಯಾಹ್ನ ಮೂರಕ್ಕೇ ಕತ್ತಲಾಗುವ ಊರಿನಲ್ಲಿ ಆಕೆಗೂ ಬೇರೆ ಕೆಲಸವಿರಲಿಲ್ಲ. ಕಾಫಿ ಬಗ್ಗಿಸಿಕೊಟ್ಟು, ಪತ್ರಿಕೆ ಮುಂದಿಟ್ಟು, ಗಟ್ಟಿಯಾಗಿ ಓದಿಸುತ್ತಿದ್ದರು. ತಪ್ಪಿದರೆ ಮೇಜಿನ ಮೇಲೆ ಚಮಚದಿಂದ ಕುಟ್ಟುತ್ತಿದ್ದರು. ಇವರು ಅವಸರ ಮಾಡಿದಾಗಲೆಲ್ಲ ಒಂದೇ ಮಾತು: ‘ನಿಧಾನ, ಬಾಗಿಲೇನೂ ಓಡಿಹೋಗುವುದಿಲ್ಲ.’ ವಾಪಸು ಬಂದ ಮೇಲೆ ಹಲವು ವರ್ಷ ಪತ್ರಗಳು ಓಡಾಡಿದವು. ಆಕೆ ತೀರಿಕೊಂಡ ಸುದ್ದಿ ಇವರಿಗೆ ಒಂದು ವರ್ಷ ತಡವಾಗಿ ಬಂತು. ಅಲ್ಲಿಂದೀಚೆಗೆ ಅವರು ಸ್ವೀಡಿಶ್ ಬರೆದಿದ್ದಾರೆ, ಓದಿದ್ದಾರೆ. ಯಾರ ಜೊತೆಗೂ ಮಾತಾಡಿಲ್ಲ.

ನಿವೃತ್ತಿಗೆ ಎರಡು ವರ್ಷ ಉಳಿದಿದೆ ಎಂದಾಗ ಕಂಪನಿಗೆ ಎಚ್ಚರವಾಯಿತು. ಎರಡನೆಯವರೊಬ್ಬರನ್ನು ತೆಗೆದುಕೊಳ್ಳಲು ಒಪ್ಪಿಗೆ ಸಿಕ್ಕಿತು. ಪರೀಕ್ಷೆಯ ಪ್ರಶ್ನೆ ಬರೆಯುವವರು ಅವರೇ, ಉತ್ತರ ತಿದ್ದುವವರೂ ಅವರೇ. ಬಂದ ನಾಲ್ವರನ್ನೂ ಅವರು ಫೇಲು ಮಾಡಿದರು.

ವಿಭಾಗದ ಮುಖ್ಯಸ್ಥೆ ಅವರನ್ನು ಕೂರಿಸಿಕೊಂಡು ಹೇಳಿದರು: “ನೋಡಿ ಸಾರ್, ನಮಗ್ಯಾರಿಗೂ ಆ ಭಾಷೆ ಒಂದಕ್ಷರ ಬರಲ್ಲ. ನೀವು ಹೂಂ ಅಂದ್ರೆ ಹೂಂ, ಉಹೂಂ ಅಂದ್ರೆ ಉಹೂಂ. ಆದ್ರೆ ಈಗ ಬರ್ತಿರೋದು ಕೊನೆಯವಳು. ಅವಳೂ ಬೇಡ ಅಂದ್ರೆ ಹುದ್ದೆ ರದ್ದು. ನೀವು ಹೋದ್ಮೇಲೆ ಕೆಲಸ ಹೊರಗಿನ ಏಜೆನ್ಸಿಗೆ.”

“ಅಲ್ಲೀವರೆಗೆ?”

“ಅಲ್ಲೀವರೆಗೆ ನೀವಿದ್ದೀರಲ್ಲ, ಒಬ್ರೇ.”

ಸುದ್ದಿ ಕ್ಯಾಂಟೀನಿಗೂ ಹಬ್ಬಿತು. ಲೆಕ್ಕಪತ್ರ ವಿಭಾಗದ ಗುಮಾಸ್ತ ತಟ್ಟೆ ಹಿಡಿದು ಹೋಗುತ್ತಾ ಕೂಗಿ ಹೇಳಿದ: “ಏನ್ ಸಾರ್, ಸ್ವೀಡನ್ ಜನಸಂಖ್ಯೆ ಡಬಲ್ ಆಗ್ತಿದೆಯಂತೆ!” ಜರ್ಮನಿ, ಫ್ರಾನ್ಸ್ ಎಲ್ಲವೂ ನಕ್ಕವು. ಅವರೂ ನಕ್ಕರು. ಅಂದು ಊಟ ಮುಗಿಸಿ ಏಳುವಾಗ, ಜರ್ಮನಿಯ ಮೇಜಿನ ಪಕ್ಕದಲ್ಲಿದ್ದ ತಮ್ಮ ಎರಡನೇ ಕುರ್ಚಿಯನ್ನು ಎಳೆದು ತಂದು ಸ್ವಸ್ಥಾನದಲ್ಲಿಟ್ಟರು.

ಕೊನೆಯವಳು ಬಂದದ್ದು ಗುರುವಾರ. ಕನ್ನಡಕದಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುವ ಯುವತಿ. ಅವಳ ತಂದೆ ಸ್ವೀಡನ್ನಿನ ಆಸ್ಪತ್ರೆಯೊಂದರಲ್ಲಿ ಅಡುಗೆ ಕೆಲಸದಲ್ಲಿದ್ದರು. ಹದಿನಾರು ತುಂಬುವವರೆಗೆ ಅವಳು ಬೆಳೆದದ್ದು ಅಲ್ಲೇ. ಪರೀಕ್ಷೆಯಲ್ಲಿ ಒಂದೇ ಕೆಲಸ: ಬೀಗಗಳು ತಡವಾಗಿವೆ ಎಂದು ಗಿರಾಕಿಗಳಿಗೆ ತಿಳಿಸುವ ಪತ್ರ. ಒಂದು ಗಂಟೆ ಕೊಟ್ಟಿದ್ದರು. ಅವಳು ಅರ್ಧ ಗಂಟೆಯಲ್ಲಿ ಎದ್ದಳು.

ಕ್ಯಾಂಟೀನಿಗೆ ಕರೆದೊಯ್ಯುವ ಮೊದಲು ಅವರು ಕೈತೊಳೆಯುವಲ್ಲಿ ಸ್ವಲ್ಪ ಹೊತ್ತು ನಿಂತರು. ಮಾತಾಡಬೇಕಾದ ವಾಕ್ಯವನ್ನು ಬೆಳಗ್ಗೆ ಮನೆಯ ಕನ್ನಡಿಯ ಮುಂದೆಯೇ ಹೇಳಿ ನೋಡಿಕೊಂಡಿದ್ದರು. ಈಗ ಇನ್ನೊಮ್ಮೆ ತುಟಿ ಅಲ್ಲಾಡಿಸಿದರು. ತಟ್ಟೆಗಳು ಮೇಜಿನ ಮೇಲೆ ಬಂದ ಮೇಲೆ, ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದ ನಂತರ, ಎದುರು ಕೂತವರೊಬ್ಬರ ಜೊತೆ ಸ್ವೀಡಿಶ್‌ನಲ್ಲಿ ಮಾತು ತೆಗೆದರು. ಅದನ್ನು ನಮ್ಮ ಮಾತಿಗೆ ತಂದರೆ ಹೆಚ್ಚುಕಡಿಮೆ ಹೀಗಿರುತ್ತದೆ: “ತಮ್ಮ ಆಗಮನವು ನಮಗೆ ಅತೀವ ಸಂತಸವನ್ನುಂಟುಮಾಡಿದೆ. ಯಾವುದೇ ಸಂದೇಹಗಳಿದ್ದಲ್ಲಿ ನಮ್ಮನ್ನು ಸಂಪರ್ಕಿಸಲು ದಯಮಾಡಿ ಹಿಂಜರಿಯದಿರಿ.”

ಯುವತಿಯ ಚಮಚ ಅರ್ಧದಲ್ಲೇ ನಿಂತಿತು. ಆಮೇಲೆ ಅವಳು ಅದೇ ಭಾಷೆಯಲ್ಲಿ, ಬೀದಿಯ ಮಕ್ಕಳು ಮಾತಾಡುವ ಸಲೀಸಿನಲ್ಲಿ ಹೇಳಿದಳು: “ಅಯ್ಯೋ, ನಿಮ್ಮೆದುರಿಗೇ ಕೂತಿದೀನಲ್ಲ ಸಾರ್! ಇನ್ನೆಲ್ಲಿಗೆ ಹೋಗಿ ಸಂಪರ್ಕಿಸ್ಲಿ?”

ಅವರಿಗೆ ನಗಬೇಕೆಂದು ಗೊತ್ತಾಯಿತು. ಬೀಗದ ನಾಲಿಗೆ, ಬೀಗದ ಸ್ಪ್ರಿಂಗು, ಎರಡು ವರ್ಷದ ಗ್ಯಾರಂಟಿ ಎಲ್ಲಕ್ಕೂ ಪದವಿತ್ತು. ಬಸ್ಸು ಸಿಕ್ಕಿತಾ, ಊಟ ಹಿಡಿಸಿತಾ, ಅಮ್ಮ ಹೇಗಿದ್ದಾರೆ ಎಂದು ಕೇಳುವುದಕ್ಕೆ ಒಂದೊಂದು ಪದವನ್ನೂ ಹುಡುಕಿ ತರಬೇಕಾಯಿತು.

“ಬೇಜಾರಾಗ್ಬೇಡಿ ಸಾರ್,” ಎಂದಳು ಯುವತಿ. “ಅಲ್ಲಿ ನಮ್ಮ ಬೀದೀಲಿ ಒಬ್ರು ಅಜ್ಜಿ ಇದ್ರು. ಅವರ ಅಂಗಳಕ್ಕೆ ಚೆಂಡು ಬಿದ್ರೆ ‘ದಯಮಾಡಿ ಪಾದರಕ್ಷೆಗಳನ್ನು ಹೊರಗಿರಿಸಿ ಒಳಬರುವಂಥವರಾಗಿ’ ಅಂತಿದ್ರು. ಥೇಟ್ ಅವರೇ ಎದುರಿಗೆ ಬಂದು ಕೂತ ಹಾಗಿದೆ.”

ಅವರು ನೀರು ಕುಡಿದು ಕೇಳಿದರು: “ನಮ್ಮ ವೆಬ್‌ಸೈಟ್ ನೋಡಿದಿರಾ?”

“ನೋಡ್ದೆ. ಪೂರ್ತಿ ಓದ್ದೆ.”

“ಹೇಗಿದೆ?”

“ನಿಜ ಹೇಳ್ಲಾ, ಕೆಲಸ ಸಿಗೋ ಥರ ಹೇಳ್ಲಾ?”

“ನಿಜ ಹೇಳಿ.”

“ಆ ಅಜ್ಜಿ ಬೀಗ ಮಾರೋಕೆ ಕೂತಂಗಿದೆ ಸಾರ್. ನಂಗಿಷ್ಟ ಆಯ್ತು. ಆದ್ರೆ ನಮ್ಮಣ್ಣನಂಥೋರು ಎರಡನೇ ಸಾಲಿಗೇ ಮುಚ್ಚಿ ಎದ್ದು ಹೋಗ್ತಾರೆ.”

ಪಕ್ಕದ ಮೇಜಿನ ಜರ್ಮನಿಯವರು ಇತ್ತ ತಿರುಗಿ ನೋಡುತ್ತಿದ್ದರು. ಅವರಿಗೆ ಒಂದು ಮಾತೂ ತಿಳಿದಿರಲಿಲ್ಲ. ಎರಡನೇ ಕುರ್ಚಿ ತುಂಬಿದ್ದಕ್ಕೆ ಅವರಲ್ಲೊಬ್ಬ ಹೆಬ್ಬೆರಳು ಎತ್ತಿ ತೋರಿಸಿದ.

ಮಧ್ಯಾಹ್ನ ಅವರು ಅವಳ ಉತ್ತರ ಪತ್ರಿಕೆಯನ್ನು ಮುಂದಿಟ್ಟುಕೊಂಡು ಕೂತರು. ‘ಬೀಗ ತಡವಾಗಿದೆ. ತಪ್ಪು ನಮ್ಮದೇ. 34ನೇ ವಾರ ಬರುತ್ತದೆ. ಅಷ್ಟು ಕಾಯಲು ಆಗದಿದ್ದರೆ ಹೇಳಿ, ಏನಾದರೂ ಮಾಡೋಣ.’ ಅಷ್ಟೇ ಪತ್ರ. ಅವರ ಮಾದರಿ ಉತ್ತರ ಇದರ ಮೂರು ಪಟ್ಟು ಉದ್ದವಿತ್ತು. ‘ತಮಗುಂಟಾಗಿರುವ ಅನಾನುಕೂಲತೆಗೆ’ ಎಂದು ಶುರುವಾಗಿ, ತಪ್ಪು ಯಾರದೆಂದು ಹೇಳದೆಯೇ ಮುಗಿಯುತ್ತಿತ್ತು. ಕೆಂಪು ಪೆನ್ನು ತಾನಾಗಿಯೇ ಓಡಿತು. ಸ್ಪೆಲಿಂಗ್ ತಪ್ಪಿದ್ದಲ್ಲೆಲ್ಲ ಗೀಟು, ಮರ್ಯಾದೆ ಸಾಲದು ಎನಿಸಿದ್ದಲ್ಲೆಲ್ಲ ಗೀಟು. ಕೊನೆಗೆ ಹಾಳೆ ಪೂರ್ತಿ ಕೆಂಪಗಾಯಿತು. ಹಿಂದಿನ ನಾಲ್ವರ ಹಾಳೆಗಳೂ ಹೀಗೇ ಇದ್ದವು.

ಫೇಲು ಎಂದು ಬರೆದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಕೇಳಲು ಭಾಷೆ ಬರುವವರಾದರೂ ಯಾರಿದ್ದರು?

ಅವರು ಪೆನ್ನಿಟ್ಟು, ಆ ದೇಶದ ಬೇರೆ ಬೀಗದ ಅಂಗಡಿಗಳ ಪುಟಗಳನ್ನು ತೆರೆದರು. ಇವನ್ನೆಲ್ಲ ಅವರು ಮೊದಲು ನೋಡಿಲ್ಲವೆಂದಲ್ಲ. ವರ್ಷಗಳಿಂದ ನೋಡುತ್ತಿದ್ದರು. ಆ ಅಂಗಡಿಗಳ ಭಾಷೆಯ ಶಿಸ್ತು ಕೆಟ್ಟಿದೆ ಎಂದು ಮೂಗು ಮುರಿದು ಮುಚ್ಚುತ್ತಿದ್ದರು. ಈಗ ಬ್ಯಾಂಕಿನ ಪುಟ ನೋಡಿದರು, ರೈಲಿನದು ನೋಡಿದರು, ಆಸ್ಪತ್ರೆಯದು ನೋಡಿದರು. ಎಲ್ಲರೂ ಆ ಯುವತಿಯ ಹಾಗೇ ಬರೆದಿದ್ದರು. ಅವರು ಬರೆಯುವ ಹಾಗೆ ಬರೆದವರು ಒಬ್ಬರೂ ಸಿಗಲಿಲ್ಲ. ಅವರ ಭಾಷೆ ಮಾತಾಡುವವರು ಒಬ್ಬರಿದ್ದರು, ಚಮಚದಿಂದ ಮೇಜು ಕುಟ್ಟುತ್ತಿದ್ದವರು.

ಆಮೇಲೆ ಪೆನ್ಸಿಲ್ ತೆಗೆದುಕೊಂಡು ಅವಳ ಹಾಳೆಯನ್ನು ಮೊದಲಿನಿಂದ ತಿದ್ದಿದರು. ಸ್ಪೆಲಿಂಗಿನ ಗೀಟುಗಳನ್ನು ಹಾಗೇ ಬಿಟ್ಟರು. ಉಳಿದ ಗೀಟುಗಳ ಪಕ್ಕದಲ್ಲಿ ಒಂದೊಂದಾಗಿ ‘ಸರಿ’ ಎಂದು ಬರೆದರು.

ಸಂಜೆ ಎಂದಿನಂತೆ ಅಕ್ಕನ ಫೋನು ಬಂತು. ಬೇರೆ ಊರಿನಲ್ಲಿರುವ ಅಕ್ಕ ದಿನವೂ ಇದೇ ಹೊತ್ತಿಗೆ ಮಾತಾಡುತ್ತಾರೆ. ಸಾರ್ ತಮ್ಮ ಒಂದೇ ಕೋಣೆಯ ಮನೆಯಲ್ಲಿ ಒಂದೇ ತಟ್ಟೆ ತೊಳೆದು ಬೋರಲು ಹಾಕುವ ಹೊತ್ತದು.

“ಏನಾಯ್ತೋ, ಆ ಹುಡುಗಿ ಪಾಸಾ?”

“ಯೋಚನೆ ಮಾಡ್ತಿದೀನಕ್ಕ. ಸ್ಪೆಲಿಂಗ್ ಬರಲ್ಲ ಅವಳಿಗೆ.”

“ನಿಂಗೆ ಯಾರು ತಾನೇ ಪಾಸಾಗಿದ್ದಾರೆ ಹೇಳು? ಮದುವೆ ಮಾತು ಬಂದಾಗ್ಲೂ ಇದೇ ರಾಗ. ಒಬ್ಬಳ ನಗು ಜೋರು, ಇನ್ನೊಬ್ಬಳ ಅಕ್ಷರ ಸೊಟ್ಟ. ಕೊನೆಗೆ ಆ ಹಾಳು ಭಾಷೇನೇ ಕಟ್ಕೊಂಡೆ. ಅದಾದ್ರೂ ನಿನ್ನ ಜೊತೆ ಮಾತಾಡ್ತಾ?”

“ಇವತ್ತು ಮಾತಾಡ್ತು.”

“ಏನಂತು?”

“ನಿಂಗೆ ವಯಸ್ಸಾಯ್ತು ಅಂತು.”

ಅಕ್ಕ ಹೊಟ್ಟೆ ತುಂಬ ನಕ್ಕರು. “ಅದನ್ನ ನಾನು ನಮ್ಮ ಭಾಷೇಲೇ ಹೇಳ್ತಿದ್ನಲ್ಲೋ, ಪುಕ್ಕಟೆ!” ನಕ್ಕು ಮುಗಿದ ಮೇಲೆ ಮೆತ್ತಗಾದರು. “ಊಟ ಮಾಡಿದ್ಯಾ?”

“ಆಯ್ತು.”

ಮರುದಿನ ಅವರು ಮುಖ್ಯಸ್ಥೆಯ ಕೋಣೆಗೆ ಹೋಗಿ ಹಾಳೆಯನ್ನು ಮೇಜಿನ ಮೇಲಿಟ್ಟರು. “ತಗೋಬಹುದು ಮೇಡಂ. ಸ್ಪೆಲಿಂಗ್ ಕೆಟ್ಟದು, ಕಲಿಸ್ಕೊಡ್ತೀನಿ. ಪ್ರಶ್ನೆ ಪತ್ರಿಕೆಯ ಮಾದರಿ ಉತ್ತರ ಮಾತ್ರ ಬದಲಾಯಿಸ್ಬೇಕು. ಅದು ಹಳೇದು.”

“ಅದನ್ನ ಬರೆದೋರು ನೀವಲ್ವಾ?”

“ಹೌದು.”

“ಹಾಗಾದ್ರೆ ವೆಬ್‌ಸೈಟಲ್ಲಿ ಇರೋದು?”

“ಅದೂ ಹಳೇದೇ.”

ಮುಖ್ಯಸ್ಥೆ ಬರೆಯುವುದನ್ನು ನಿಲ್ಲಿಸಿದರು. “ಎಷ್ಟು ಕಾಲದಿಂದ ಹೀಗಿದೆ ಸಾರ್?”

“ಗೊತ್ತಿಲ್ಲ ಮೇಡಂ. ಹೇಳೋಕೆ ಯಾರೂ ಇರ್ಲಿಲ್ಲ.”

ಆ ಕೋಣೆಯಲ್ಲಿ ಯಾರೂ ದನಿ ಏರಿಸಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತೇನೋ ಎಂದು ಅವರು ಆಮೇಲೆ ಅಕ್ಕನ ಹತ್ತಿರ ಹೇಳಿಕೊಂಡರು. ಸಂಜೆಯ ಹೊತ್ತಿಗೆ ಎರಡು ಆದೇಶಗಳು ಬಂದವು. ಒಂದು, ಯುವತಿಯ ನೇಮಕ. ಇನ್ನೊಂದು, ಇನ್ನು ಮುಂದೆ ಸ್ವೀಡಿಶ್ ಬರಹಗಳು ಹೊರಗೆ ಹೋಗುವ ಮುಂಚೆ ಕೊನೆಯ ಒಪ್ಪಿಗೆ ಅವಳದ್ದು, ಸ್ಪೆಲಿಂಗ್ ತಿದ್ದುವುದು ಇವರದ್ದು.

ಸುದ್ದಿ ತಿಳಿಸಲು ಅವರೇ ಅವಳಿಗೆ ಫೋನು ಮಾಡಿದರು. ಸ್ವೀಡಿಶ್‌ನಲ್ಲಿ ಹೇಳಬೇಕೆಂದುಕೊಂಡು ಚೀಟಿಯಲ್ಲಿ ಬರೆದುಕೊಂಡಿದ್ದರು. ಅವಳು “ಹಲೋ” ಎಂದಾಗ ಚೀಟಿಯನ್ನು ಮಡಿಸಿ ಜೇಬಿಗಿಟ್ಟು, “ಕೆಲಸ ಸಿಕ್ತಮ್ಮ,” ಎಂದರು. ಆ ಕಡೆಯಿಂದ ಬಂದ ಕೂಗಿಗೆ ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು. “ಸಾರ್, ನಾನು ಆ ಭಾಷೇಲಿ ಮಾತಾಡಿ ಎಷ್ಟು ವರ್ಷ ಆಗಿತ್ತು ಗೊತ್ತಾ? ನಮ್ಮಣ್ಣ ಅಲ್ಲೇ ಉಳ್ಕೊಂಡ. ಫೋನಲ್ಲೂ ಎರಡು ಮಾತಿಗೇ ಇಟ್ಬಿಡ್ತಾನೆ,” ಎಂದಳು.

ಅವಳ ಮೊದಲ ಕೆಲಸ, ಅವರ ಹಳೆಯ ಪುಟಗಳನ್ನೆಲ್ಲ ಹೊಸದಾಗಿ ಬರೆಯುವುದು. ಯಾವುದನ್ನು ಬೇಕಾದರೂ ತೆಗೆಯಬಹುದು ಎಂದು ಅವರು ಆಗಲೇ ತಿಳಿಸಿದ್ದಾರೆ. ಬೀಗ ಕೂರಿಸುವ ಕೈಪಿಡಿಯ ಮೊದಲ ಪುಟದ ಕೊನೆಯಲ್ಲಿ, ಮುಖ್ಯ ಕಚೇರಿಯ ಮೂಲದಲ್ಲಿಲ್ಲದ ಒಂದು ಸಾಲಿದೆ: ‘ನಿಧಾನ, ಬಾಗಿಲೇನೂ ಓಡಿಹೋಗುವುದಿಲ್ಲ.’ ಅದನ್ನು ಅಲ್ಲಿ ಸೇರಿಸಿದವರು ಅವರು. ಆ ಸಾಲಿನ ಬಗ್ಗೆ ಅವಳಿಗೆ ಏನೂ ಹೇಳಿಲ್ಲ.

ಅವಳು ಸೋಮವಾರ ಕೆಲಸಕ್ಕೆ ಸೇರುತ್ತಾಳೆ. ಗಿರಾಕಿಗಳ ಇಮೇಲ್‌ಗಳು ಹೆಚ್ಚಾಗಿ ಮಧ್ಯಾಹ್ನದ ಮೇಲೆ ಬರುವುದರಿಂದ ಅವಳ ಪಾಳಿ ಎರಡು ಗಂಟೆಗೆ ಶುರುವಾಗುತ್ತದೆ. ಕ್ಯಾಂಟೀನು ಮುಚ್ಚುವುದೂ ಎರಡು ಗಂಟೆಗೇ.